ಮೊದಲ ಜೋಡಿ ಕೊಳ್ಳಿ, ಎರಡನೆಯದನ್ನು ಕಟ್ಟಿ

ಕನ್ನಡದಲ್ಲಿ ಲೌಡ್‌ಸ್ಪೀಕರಿಗೆ ಇರುವ ಹೆಸರು ಧ್ವನಿವರ್ಧಕ. ಊರ ಮಾತಿನಲ್ಲಿ ಅದನ್ನೂ ‘ಮೈಕು’ ಎಂದೇ ಕರೆಯುತ್ತೇವೆ. ಮುಂಬೈಯ ಬೀದಿಯಲ್ಲಿ ಅದು ‘ಭೋಂಗಾ’. ಮೂರು ಹೆಸರಿನ ಹಿಂದೆಯೂ ಇರುವ ಚಿತ್ರ ಒಂದೇ: ಜಾತ್ರೆಯ ಗದ್ದೆ, ಯಕ್ಷಗಾನದ ರಂಗಸ್ಥಳ, ಚುನಾವಣೆಯ ಜೀಪು. ಸದ್ದು ದೂರ ಹೋಗಬೇಕು, ಅಷ್ಟೇ. ಮನೆಯ ಕೋಣೆಯಲ್ಲಿ ಆರಡಿ ದೂರ ಕೂತು ಹಾಡು ಕೇಳುವವರಿಗೆ ಬೇಕಾದ್ದು ಬೇರೆ. ಧ್ವನಿಮುದ್ರಣದಲ್ಲಿ ಏನಿದೆಯೋ ಅದನ್ನು ಸೇರಿಸದೆ, ಕಳೆಯದೆ ಒಪ್ಪಿಸುವ ಒಂದು ಜೋಡಿ ಪೆಟ್ಟಿಗೆ. ಅದಕ್ಕೆ ನಮ್ಮಲ್ಲಿ ಪ್ರತ್ಯೇಕ ಹೆಸರು ಇನ್ನೂ ನಿಂತಿಲ್ಲ. ಈ ಬರಹದಲ್ಲಿ ‘ಸ್ಪೀಕರ್’ ಎಂದೇ ಕರೆಯೋಣ.

ಈ ಜೋಡಿಯನ್ನು ಕೊಳ್ಳುವುದೋ, ನಾವೇ ಕಟ್ಟುವುದೋ ಎಂಬ ಪ್ರಶ್ನೆ ಬಾಂದ್ರಾದಂಥ ಕಡೆ ಬಹಳ ಸುಲಭವಾಗಿ ಹುಟ್ಟುತ್ತದೆ. ಇಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಮುಂಬೈಯವರಿಗೆ ಅದು ಹಾಗೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿ. ಎದುರು ದಿಕ್ಕಿಗೆ ಹೋದರೆ ಜೋಗೇಶ್ವರಿಯ ಓಶಿವರಾದಲ್ಲಿ ಸಾಲು ಸಾಲು ಫರ್ನಿಚರ್ ಅಂಗಡಿಗಳು. ಪ್ಲೈವುಡ್ ಕೊಯ್ಯುವ ಬಡಗಿಯನ್ನು ಹುಡುಕಿ ದೂರ ಹೋಗಬೇಕಿಲ್ಲ. ಯಾವುದಾದರೊಂದು ಕಟ್ಟಡದಲ್ಲಿ ಯಾರದೋ ಫ್ಲಾಟಿನ ಇಂಟೀರಿಯರ್ ಕೆಲಸ ನಡೆಯುತ್ತಲೇ ಇರುತ್ತದೆ. ಬಿಡಿಭಾಗ, ಮರ, ಕೈಕೆಲಸ ಮೂರೂ ಹತ್ತಿರದಲ್ಲಿರುವಾಗ, ಅಂಗಡಿಯ ಬೆಲೆಚೀಟಿ ನೋಡಿದವರಿಗೆ “ಇಷ್ಟು ಯಾಕೆ ಕೊಡಬೇಕು, ನಾವೇ ಮಾಡಿದರಾಯಿತಲ್ಲ” ಅನ್ನಿಸುವುದು ಸಹಜ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಜೋಡಿ ಕೊಳ್ಳಿ. ಆಸಕ್ತಿ ಉಳಿದರೆ ಎರಡನೆಯದನ್ನು ಕಟ್ಟಿ. ಕಟ್ಟುವಾಗ ಸ್ವಂತ ವಿನ್ಯಾಸದ ಹಟ ಬಿಟ್ಟು, ಬಲ್ಲವರು ಅಳೆದು ಪ್ರಕಟಿಸಿದ ವಿನ್ಯಾಸವೊಂದನ್ನು ಕಟ್ಟಿ. ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಕಟ್ಟಲೇಬೇಡಿ. 

ಪೆಟ್ಟಿಗೆಯೊಳಗೆ ಏನಿದೆ

ನೂರು ವರ್ಷವಾದರೂ ಮೂಲ ರಚನೆ ಬದಲಾಗದ ಯಂತ್ರಗಳು ಕಡಿಮೆ. ಸ್ಪೀಕರ್ ಅವುಗಳಲ್ಲಿ ಒಂದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ವಿವರಿಸಿದ ರಚನೆಯೇ ಇವತ್ತಿನ ಬಹುಪಾಲು ಸ್ಪೀಕರುಗಳಲ್ಲೂ ಇದೆ. ಆಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ. ಸುರುಳಿಗೆ ಅಂಟಿಕೊಂಡ ಕೋನ್. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ. ಇದಿಷ್ಟಕ್ಕೆ ಡ್ರೈವರ್ ಎಂದು ಹೆಸರು. ಕೆಳಸ್ವರಗಳಿಗೆ ದೊಡ್ಡ ಡ್ರೈವರ್, ಅಂದರೆ ವೂಫರ್. ಮೇಲುಸ್ವರಗಳಿಗೆ ಪುಟ್ಟದು, ಟ್ವೀಟರ್.

ಡ್ರೈವರನ್ನು ಬರಿದೇ ಮೇಜಿನ ಮೇಲಿಟ್ಟು ಹಾಡಿಸಿದರೆ ಬಾಸ್ ಬರುವುದಿಲ್ಲ. ಕೋನ್ ಮುಂದೆ ತಳ್ಳಿದ ಗಾಳಿ ಅಂಚು ಸುತ್ತಿ ಹಿಂದಿನ ಖಾಲಿಗೆ ಹೋಗಿ ಸೇರುತ್ತದೆ. ಮುಂದಿನದೂ ಹಿಂದಿನದೂ ಒಂದನ್ನೊಂದು ಅಳಿಸುತ್ತವೆ. ಹಿಂದಿನ ಸದ್ದನ್ನು ಬಂಧಿಸುವುದಕ್ಕಾಗಿ ಪೆಟ್ಟಿಗೆ. ಆದರೆ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ಒತ್ತುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ, ಬಾಸ್ ಅಷ್ಟು ಬೇಗ ಮುಗಿಯುತ್ತದೆ. ಎಷ್ಟು ಲೀಟರಿನ ಪೆಟ್ಟಿಗೆ ಎಂಬುದು ಬಹುಕಾಲ ಅನುಭವದ, ಅಂದಾಜಿನ ಮಾತಾಗಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧ, ಆಮೇಲೆ 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಬರೆದ ಪ್ರಬಂಧಗಳು ಅದನ್ನು ಲೆಕ್ಕಕ್ಕೆ ತಂದವು. ಈಗ ಒಳ್ಳೆಯ ಡ್ರೈವರಿನ ಜೊತೆ ಬರುವ ಮಾಹಿತಿ ಹಾಳೆಯಲ್ಲಿ ‘ಥೀಲ್–ಸ್ಮಾಲ್’ ಅಂಕಿಗಳಿರುತ್ತವೆ. ಅವನ್ನು ಉಚಿತ ಸಾಫ್ಟ್‌ವೇರಿಗೆ ಕೊಟ್ಟರೆ ಪೆಟ್ಟಿಗೆಯ ಗಾತ್ರ ನಿಮಿಷದಲ್ಲಿ ಸಿಗುತ್ತದೆ. ಕಟ್ಟಲು ಹೊರಡುವ ಹೊಸಬರಿಗೆ ಧೈರ್ಯ ಬರುವುದು ಇಲ್ಲಿಂದಲೇ.

ಧೈರ್ಯ ಕೈಕೊಡುವುದು ಮುಂದಿನ ಹಂತದಲ್ಲಿ. ವೂಫರು ತನ್ನ ಕೆಲಸವನ್ನು ಟ್ವೀಟರಿಗೆ ಒಪ್ಪಿಸುವ ಜಾಗಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು 2,000–3,000 ಹರ್ಟ್ಸಿನ ಆಸುಪಾಸು. ಆ ಸಂಧಿಯಲ್ಲಿ ಎರಡೂ ಡ್ರೈವರುಗಳು ಒಟ್ಟಿಗೆ ಹಾಡುತ್ತಿರುತ್ತವೆ. ಅವುಗಳ ಅಲೆಗಳು ಹೆಜ್ಜೆ ಹೊಂದಿಸಿಕೊಂಡರೆ ಸರಿ, ತಪ್ಪಿದರೆ ಅಲ್ಲೊಂದು ಹಳ್ಳ. ಹೆಜ್ಜೆ ಹೊಂದುವ ಬಗೆಯನ್ನು ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಮತ್ತು ರಸ್ ರೈಲಿ 1976ರಲ್ಲಿ ತೋರಿಸಿಕೊಟ್ಟರು, ಅವರ ಹೆಸರಿನ ಕ್ರಾಸ್‌ಓವರ್ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಪುಸ್ತಕದ ಸೂತ್ರ ನೇರವಾಗಿ ಹಾಕಿದರೆ ಸಾಲದು. ಆ ಡ್ರೈವರು, ಆ ಪೆಟ್ಟಿಗೆಯಲ್ಲಿ, ಆ ಅಗಲದ ಮುಂಭಾಗದ ಮೇಲೆ ಕೂತಾಗ ಹೇಗೆ ಸದ್ದು ಮಾಡುತ್ತದೆ ಎಂದು ಮೈಕಿನಿಂದ ಅಳೆದು, ಅದರ ಮೇಲೆ ಲೆಕ್ಕ ಮಾಡಬೇಕು. ಅಂಗಡಿಯಲ್ಲಿ ‘ಟೂ ವೇ, 8 ಓಮ್’ ಎಂದು ಬರೆದು ಮಾರುವ ಸಿದ್ಧ ಕ್ರಾಸ್‌ಓವರ್ ಬೋರ್ಡಿಗೆ ನಿಮ್ಮ ಡ್ರೈವರಿನ ಪರಿಚಯವಿಲ್ಲ. ಮನೆಯಲ್ಲಿ ಕಟ್ಟಿದ ಸ್ಪೀಕರ್ ಕಿವಿಗೆ ಚುಚ್ಚುತ್ತದೆ, ಮಾತು ಮುಚ್ಚಿಕೊಂಡಂತೆ ಕೇಳಿಸುತ್ತದೆ ಎಂಬ ದೂರಿನ ಮೂಲ ಬಹುತೇಕ ಈ ಬೋರ್ಡಿನಲ್ಲಿರುತ್ತದೆ. ದೋಷ ಹುಡುಕುವವರು ಮಾತ್ರ ಮರವನ್ನೋ ತಂತಿಯನ್ನೋ ಬದಲಿಸುತ್ತಾ ಕೂರುತ್ತಾರೆ.

ಹಣದ ಲೆಕ್ಕ

ಒಂದು ಕಾಲದಲ್ಲಿ ಭಾರತದಲ್ಲಿ ‘ಅಸೆಂಬಲ್ ಮಾಡಿದ್ದು’ ಎಂಬ ಮಾತಿಗೆ ಬೇರೆಯೇ ತೂಕವಿತ್ತು. ಆಮದಿನ ಮೇಲೆ ನಿರ್ಬಂಧ, ಬಂದದ್ದರ ಮೇಲೆ ಭಾರೀ ಸುಂಕ. ಹೊರದೇಶದ ಸ್ಪೀಕರ್ ಬೇಕೆಂದರೆ ವಿದೇಶದಲ್ಲಿರುವ ನೆಂಟರ ಸೂಟ್‌ಕೇಸನ್ನೇ ನಂಬಬೇಕಿತ್ತು. 1970ರಲ್ಲಿ ಕೋಲ್ಕತ್ತಾದಲ್ಲಿ ಶುರುವಾದ ಸೋನೋಡೈನ್‌ನಂಥ ಕೆಲವು ಭಾರತೀಯ ಕಂಪನಿಗಳು ಬಿಟ್ಟರೆ ಆಯ್ಕೆ ಕಡಿಮೆ. ಡೆನ್ಮಾರ್ಕಿನ ಪೀರ್‌ಲೆಸ್ ಹೆಸರಿನ ಡ್ರೈವರುಗಳು ನಮ್ಮಲ್ಲೇ ತಯಾರಾಗಿ ಸಿಗತೊಡಗಿದಾಗ ಕಟ್ಟುವವರಿಗೆ ಅದು ಭಾಗ್ಯದಂತಿತ್ತು. ಆಗ ಕಟ್ಟುವುದು ಹವ್ಯಾಸಕ್ಕಿಂತ ಹೆಚ್ಚಾಗಿ ದಾರಿ. ಅಮೆರಿಕದಲ್ಲೂ ಎರಡನೇ ಮಹಾಯುದ್ಧದ ನಂತರ ಹೀತ್‌ಕಿಟ್, ಡೈನಕೋ ಕಿಟ್‌ಗಳು ಜನಪ್ರಿಯವಾದದ್ದಕ್ಕೆ ಬೆಲೆಯೇ ದೊಡ್ಡ ಕಾರಣ.

1991ರ ನಂತರ ಆ ಕಾರಣ ನಿಧಾನವಾಗಿ ಕರಗಿತು. ಈಗ ಸಾವಿರಗಟ್ಟಲೆ ಡ್ರೈವರು ಒಮ್ಮೆಗೇ ತರಿಸಿ, ಪೆಟ್ಟಿಗೆಗಳನ್ನು ಯಂತ್ರದಲ್ಲಿ ಕೊಯ್ದು, ಹಡಗಿನಲ್ಲಿ ಕಳಿಸುವ ಕಂಪನಿಯ ಜೊತೆ ನೀವು ಎರಡು ವೂಫರ್, ಎರಡು ಟ್ವೀಟರ್ ಕೊಂಡು ಪೈಪೋಟಿ ಮಾಡುತ್ತಿದ್ದೀರಿ. ಕಟ್ಟುವವರು ಸಾಮಾನ್ಯವಾಗಿ ಡ್ರೈವರಿನ ಬೆಲೆ ಮಾತ್ರ ಹೇಳಿಕೊಳ್ಳುತ್ತಾರೆ. ಉಳಿದದ್ದನ್ನೂ ಬರೆಯಿರಿ: ಕ್ರಾಸ್‌ಓವರಿನ ಸುರುಳಿ ಮತ್ತು ಕೆಪಾಸಿಟರ್, ಪ್ಲೈವುಡ್ ಹಾಳೆ (ಬೇಕಾದ್ದು ಅರ್ಧ ಹಾಳೆಯಾದರೂ ಅಂಗಡಿಯವರು ಇಡೀ ಹಾಳೆಯನ್ನೇ ಕೊಡುವುದು), ದುಂಡಗೆ ತೂತು ಕೊಯ್ಯುವ ಮಜೂರಿ, ವಿನೀರ್, ಪಾಲಿಶ್, ಒಳಗೆ ತುಂಬುವ ಹತ್ತಿ, ಟರ್ಮಿನಲ್, ಸ್ಕ್ರೂ, ಟೆಂಪೋ ಬಾಡಿಗೆ. ಅಳೆಯುವ ಮೈಕು ಬೇರೆ. ಆಮೇಲೆ ಮೊದಲ ಪೆಟ್ಟಿಗೆ ಸರಿಬಾರದೆ ಎರಡನೆಯದು. ಬಡಗಿ ಇಂಟೀರಿಯರಿನ ದೊಡ್ಡ ಕೆಲಸದ ನಡುವೆ ನಿಮ್ಮ ಎರಡು ಪುಟ್ಟ ಪೆಟ್ಟಿಗೆಗೆ ಸಮಯ ಕೊಡಬೇಕಾದರೆ ಅದಕ್ಕೂ ಬೆಲೆಯಿದೆ. ಸೊಸೈಟಿಯ ನಿಯಮದ ಪ್ರಕಾರ ಮಧ್ಯಾಹ್ನವೋ ಭಾನುವಾರವೋ ಗರಗಸದ ಸದ್ದು ಮಾಡುವಂತಿಲ್ಲ, ಹಾಗಾಗಿ ಮನೆಯಲ್ಲೇ ಕೊಯ್ಯುವ ಆಸೆಯೂ ಬಹಳ ಮಂದಿಗೆ ಕೈಗೂಡುವುದಿಲ್ಲ.

ಇದೆಲ್ಲ ಕೂಡಿಸಿದರೆ ಕೆಳದರ್ಜೆ, ಮಧ್ಯಮ ದರ್ಜೆಯ ಸ್ಪೀಕರಿನಲ್ಲಿ ಕಟ್ಟುವವರಿಗೆ ಉಳಿತಾಯ ಕಾಣುವುದು ಕಷ್ಟ. ತೀರಾ ದುಬಾರಿ ಸ್ಪೀಕರಿನ ಮಟ್ಟದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ, ಯಾಕೆಂದರೆ ಅಲ್ಲಿ ಬೆಲೆಯ ದೊಡ್ಡ ಪಾಲು ಹೊರಗಿನ ಮೆರುಗು, ಜಾಹೀರಾತು, ಮಾರಾಟಗಾರರ ಲಾಭಕ್ಕೆ ಹೋಗುತ್ತದೆ. ಮೊದಲ ಸಲ ಕಟ್ಟುವವರು ಆ ಮಟ್ಟಕ್ಕೆ ಕೈಹಾಕುವುದು ಜಾಣತನವಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಖರ್ಚಿನ ಅಂದಾಜು ಯಾವತ್ತೂ ಮೀರುತ್ತದೆ ಎಂಬುದನ್ನೇ ಹೇಳಿದ್ದು.

ಹತ್ತಡಿ ಕೋಣೆಯ ಲೆಕ್ಕ

ಸ್ಪೀಕರಿನಿಂದ ಕೇಳಿಸುವ ಬಾಸ್‌ನಲ್ಲಿ ಅರ್ಧ ಪಾಲು ಕೋಣೆಯದು. ಬಾಂದ್ರಾದ ಬಾಡಿಗೆ ಫ್ಲಾಟಿನಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ ಸಿಕ್ಕಿತೆಂದರೆ ಅದೇ ಸಂತೋಷ. ಹನ್ನೆರಡಡಿ ಎಂದರೆ 3.66 ಮೀಟರ್. ಮುಂಬೈಯ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ. ಅರ್ಧ ಅಲೆ ಸರಿಯಾಗಿ ಆ ಉದ್ದದಲ್ಲಿ ಕೂರುವ ಸ್ವರ ಸುಮಾರು 48 ಹರ್ಟ್ಸ್. ಹತ್ತಡಿ ಅಗಲಕ್ಕೆ ಸುಮಾರು 57. ಒಂಬತ್ತೂವರೆ ಅಡಿ ಎತ್ತರದ ಛಾವಣಿಗೆ 60. ಈ ಸ್ವರಗಳು ಬಂದಾಗ ಕಾಂಕ್ರೀಟ್ ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಕೋಣೆಯ ಮೂಲೆಯಲ್ಲಿ ಅದು ಗುಂಯ್‌ಗುಡುತ್ತದೆ, ನಡುವೆ ಕೂತವರಿಗೆ ಮಾಯವಾಗುತ್ತದೆ. ಮೂರೂ ಅಂಕಿಗಳು ಹತ್ತಿರ ಹತ್ತಿರ ಬಿದ್ದಿರುವುದು ಚೌಕಾಕಾರಕ್ಕೆ ಹತ್ತಿರವಾದ ಕೋಣೆಗಳ ಶಾಪ.

ಇಂಥ ಕೋಣೆಗೆ ಹನ್ನೆರಡು ಇಂಚಿನ ವೂಫರ್ ಹಾಕಿ ಆಳೆತ್ತರದ ಪೆಟ್ಟಿಗೆ ಕಟ್ಟುವುದೆಂದರೆ ಈ ಗುಂಯ್ ಅನ್ನು ದುಡ್ಡು ಕೊಟ್ಟು ಹೆಚ್ಚಿಸಿಕೊಂಡ ಹಾಗೆ. ಕಟ್ಟುವವರಿಗೆ ದೊಡ್ಡದರ ಆಸೆ ಜಾಸ್ತಿ, ಯಾಕೆಂದರೆ ಮರ ಹೇಗೂ ಇದೆ, ದೊಡ್ಡ ವೂಫರಿಗೆ ಇನ್ನು ಸ್ವಲ್ಪ ಹಣ ಹಾಕಿದರಾಯಿತು. ನಾವು ಕೇಳುವ ಸಂಗೀತಕ್ಕೆ ಅಷ್ಟು ಬೇಕೇ? ಗಂಡಸರ ಶ್ರುತಿಗೆ ಕೂಡಿಸಿದ ತಂಬೂರಿಯ ಖರಜದ ತಂತಿ 65–75 ಹರ್ಟ್ಸಿನ ಸುತ್ತ ಇರುತ್ತದೆ. ಗಂಡಸರ ಮಾತಿನ ಮೂಲಸ್ವರ 100ರಿಂದ 150, ಹೆಂಗಸರದು ಸುಮಾರು 200. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41. ಹಿಂದುಸ್ತಾನಿ, ಕರ್ನಾಟಕ ಸಂಗೀತ, ಹಳೆಯ ಚಿತ್ರಗೀತೆ, ತಾಳಮದ್ದಳೆ ಕೇಳುವ ಮನೆಗೆ ಐದು ಆರು ಇಂಚಿನ ವೂಫರ್ ಯಥೇಷ್ಟ. ಒಂದು ಸಪ್ತಕ ಕೆಳಗಿಳಿದು ಅಷ್ಟೇ ಗಟ್ಟಿಯಾಗಿ ಹಾಡಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಕೊನೆಯ ಅರ್ಧ ಸಪ್ತಕಕ್ಕಾಗಿ ಗಾತ್ರ, ಬೆಲೆ, ನೆರೆಯವರ ಸಹನೆ ಮೂರೂ ಖರ್ಚಾಗುತ್ತವೆ.

ನೆರೆಯವರು ಎಂದದ್ದು ಸುಮ್ಮನೆ ಅಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಮೇಲುಸ್ವರಗಳನ್ನು ಗೋಡೆ ತಡೆಯುತ್ತದೆ. ಬಾಸ್ ಸ್ಲ್ಯಾಬಿನ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಒಂದೇ ಗೋಡೆಯನ್ನು ಹಂಚಿಕೊಂಡು ಬದುಕುವ ಊರಿನಲ್ಲಿ ಎಷ್ಟು ಬಾಸ್ ಬೇಕು ಎಂಬುದನ್ನು ನಾವೊಬ್ಬರೇ ತೀರ್ಮಾನಿಸುವಂತಿಲ್ಲ.

ಚಿಕ್ಕ ಜಾಗಕ್ಕೆ ಚಿಕ್ಕ ಸ್ಪೀಕರ್ ಎಂಬುದಕ್ಕೆ ಒಳ್ಳೆಯ ಮಾದರಿ ಬ್ರಿಟನ್ನಿನ ಬಿಬಿಸಿಯದು. 1970ರ ದಶಕದಲ್ಲಿ ಅದರ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವುದಕ್ಕೆಂದು ಎಲ್‌ಎಸ್3/5ಎ ಎಂಬ ಸ್ಪೀಕರ್ ರೂಪಿಸಿದರು. ಎತ್ತರ ಒಂದಡಿ, ಐದು ಇಂಚಿನ ವೂಫರ್, ಮುಚ್ಚಿದ ಪೆಟ್ಟಿಗೆ. ಆಳವಾದ ಬಾಸ್ ಬೇಕೆಂಬ ಆಸೆಯನ್ನೇ ಅವರು ಬಿಟ್ಟುಕೊಟ್ಟು, ಮನುಷ್ಯರ ಕಂಠ ಸರಿಯಾಗಿ ಕೇಳಿಸಬೇಕು ಎಂಬುದರ ಮೇಲೆ ಗಮನವಿಟ್ಟರು. ಐವತ್ತು ವರ್ಷವಾದರೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ, ಅದರ ಪ್ರತಿ ಕಟ್ಟುವವರಿದ್ದಾರೆ. ಬಾಂದ್ರಾದ ಕೋಣೆ ವ್ಯಾನಿಗಿಂತ ಬಹಳ ದೊಡ್ಡದೇನಲ್ಲ.

ಇನ್ನೊಂದು ಸಂಗತಿ ಮುಂಬೈಯ ಬಾಡಿಗೆದಾರರಿಗೆ ಹೇಳಬೇಕಿಲ್ಲ. ಇಲ್ಲಿಯ ಲೀವ್ ಅಂಡ್ ಲೈಸೆನ್ಸ್ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಈ ಕೋಣೆಗೆಂದೇ ಅಳೆದು ಕಟ್ಟಿದ ಸ್ಪೀಕರ್ ಮುಂದಿನ ವರ್ಷ ಬೇರೆ ಕೋಣೆಯಲ್ಲಿರಬಹುದು. ಎರಡು ಕೈಯಲ್ಲಿ ಎತ್ತಿಕೊಂಡು ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲು ಇಳಿಯಲಾಗದ ಸ್ಪೀಕರ್ ಈ ಊರಿನದಲ್ಲ ಎಂಬುದು ನನ್ನ ಅಳತೆಗೋಲು.

ಸಮುದ್ರದ ಗಾಳಿ

ಕಟ್ಟುವವರು ಓದುವ ಸಲಹೆಗಳು ಬಹುಪಾಲು ಒಣಹವೆಯ ದೇಶಗಳಲ್ಲಿ ಬರೆದಂಥವು. ಅಲ್ಲಿ ಎಲ್ಲರೂ ಎಂಡಿಎಫ್ ಬಳಸಿ ಎನ್ನುತ್ತಾರೆ. ಎಂಡಿಎಫ್ ಒತ್ತಾಗಿದೆ, ಸಮನಾಗಿದೆ, ಯಂತ್ರದಲ್ಲಿ ಬೆಣ್ಣೆಯಂತೆ ಕೊಯ್ಯುತ್ತದೆ. ಆದರೆ ಜುಲೈ, ಆಗಸ್ಟಿನಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇಕಡಾ 80 ದಾಟಿರುತ್ತದೆ. ಪಾಲಿಶ್ ತಾಗದ ಕೊಯ್ದ ಅಂಚು, ಸ್ಕ್ರೂ ತೂತು ನೀರು ಹೀರಿ ಉಬ್ಬುತ್ತವೆ. ಒಮ್ಮೆ ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ. ಕರಾವಳಿಯಲ್ಲಿ ಕಟ್ಟುವವರಿಗೆ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕ್ಷೇಮ.

ಬಾಂದ್ರಾಕ್ಕೇ ಸೇರಿದ ಒಂದು ಪ್ರಲೋಭನೆಯೂ ಇದೆ. ಹಳೆಯ ಬಂಗಲೆಗಳು ಒಂದೊಂದಾಗಿ ಬಿದ್ದು ಗೋಪುರಗಳಾಗುತ್ತಿರುವಾಗ ಅವುಗಳ ತೇಗದ ತೊಲೆ, ಬಾಗಿಲು, ಕಿಟಕಿ ಮಾರಾಟಕ್ಕೆ ಬರುತ್ತವೆ. ಆ ಮರದಲ್ಲಿ ಸ್ಪೀಕರ್ ಕಟ್ಟಿದರೆ ಎಷ್ಟು ಚೆನ್ನ ಎಂದು ಯಾರಿಗಾದರೂ ಅನ್ನಿಸೀತು. ನೋಡಲು ಚೆನ್ನ. ಆದರೆ ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ, ಚಳಿಗಾಲದಲ್ಲಿ ಕುಗ್ಗುತ್ತದೆ; ನಾಲ್ಕು ಮೂಲೆ ಗಟ್ಟಿಯಾಗಿ ಅಂಟಿಸಿದ ಪೆಟ್ಟಿಗೆಯಲ್ಲಿ ಅದು ಬಿರುಕಾಗಿ ಹೊರಬರುತ್ತದೆ. ಪ್ಲೈವುಡ್ಡಿನ ಪದರಗಳು ಅಡ್ಡ ಉದ್ದ ಕೂತಿರುವುದರಿಂದ ಈ ಹಿಗ್ಗು ಕುಗ್ಗು ಕಡಿಮೆ. ತೇಗದ ಮೋಹವಿದ್ದವರು ಪ್ಲೈವುಡ್ಡಿನ ಮೇಲೆ ತೇಗದ ವಿನೀರ್ ಅಂಟಿಸಬಹುದು.

ಡ್ರೈವರಿನಲ್ಲೂ ಇದೇ ಮಾತು. ಕೋನಿನ ಅಂಚಿಗೆ ಸುತ್ತಿದ ಮೆತ್ತನೆಯ ಬಳೆ ಫೋಮಿನದಾದರೆ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಕಾಲ ಬಾಳುತ್ತದೆ. ಈ ವಿಚಾರ ಕೊಳ್ಳುವವರಿಗೂ ಅನ್ವಯಿಸುತ್ತದೆ. ಚೋರ್ ಬಜಾರಿನಲ್ಲಿ ಹಳೆಯ ಸ್ಪೀಕರ್ ಕೊಳ್ಳುವಾಗ ಮೊದಲು ಜಾಲರಿ ತೆಗೆಸಿ ಆ ಬಳೆಯನ್ನು ಮೆಲ್ಲಗೆ ಮುಟ್ಟಿ ನೋಡಬೇಕು. 

ಕಿವಿಗೆ ಸಾಕ್ಷಿ ಯಾರು

‘ನಾನೇ ಕಟ್ಟಿದ್ದು, ಅಂಗಡಿಯದಕ್ಕಿಂತ ಎಷ್ಟೋ ಚೆನ್ನಾಗಿದೆ’ ಎಂಬ ಮಾತನ್ನು ಕಟ್ಟಿದವರೆಲ್ಲರೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಕೇಳಿಸುತ್ತದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್ ಮತ್ತು ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾನಸಿಕತೆಗೆ ‘ಐಕಿಯಾ ಪರಿಣಾಮ’ ಎಂದು ಹೆಸರಿಟ್ಟಿತು. ಕಾಗದ ಮಡಚಿ ಆಕೃತಿ ಮಾಡಿದ ಹೊಸಬರು ತಮ್ಮ ಸೊಟ್ಟ ಕೊಕ್ಕರೆಗೆ ನುರಿತವರ ಕೃತಿಗೆ ಕೊಡುವಷ್ಟೇ ಬೆಲೆ ಕಟ್ಟಿದ್ದರು. ಕೊಂಡವರ ಕಿವಿಯೂ ಇದಕ್ಕೆ ಹೊರತಲ್ಲ. ಹಾರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಕಂಪನಿಯದೇ 40 ಉದ್ಯೋಗಿಗಳಿಗೆ ಸ್ಪೀಕರುಗಳನ್ನು ಒಮ್ಮೆ ತೋರಿಸಿ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. 1994ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಕಣ್ಣಿಗೆ ಕಂಡಾಗ ಕೊಟ್ಟ ಅಂಕವೂ ಕಾಣದಿದ್ದಾಗ ಕೊಟ್ಟ ಅಂಕವೂ ಬೇರೆಯಾಗಿದ್ದವು. ಗಾತ್ರ, ಅಂದ, ಹೆಸರು ಕಿವಿಯೊಳಗೆ ಹೋಗಿ ಕೂತಿದ್ದವು.

ಅದಕ್ಕೇ ಮೊದಲ ಜೋಡಿಯನ್ನು ಕೊಳ್ಳಿ ಎನ್ನುವುದು. ಅಳೆದು ಮಾಡಿದ, ಸಾಧಾರಣ ಬೆಲೆಯ, ಒಳ್ಳೆಯ ಹೆಸರಿರುವ ಒಂದು ಜೋಡಿ ಎರಡು ವರ್ಷ ಮನೆಯಲ್ಲಿದ್ದರೆ ಕಿವಿಗೆ ಒಂದು ತಕ್ಕಡಿ ಸಿಗುತ್ತದೆ. ಆಮೇಲೆ ಕಟ್ಟಿದ್ದನ್ನು ಅದರ ಪಕ್ಕದಲ್ಲಿಟ್ಟು, ಎರಡನ್ನೂ ಒಂದೇ ಗಟ್ಟಿಯಲ್ಲಿ ಹಾಡಿಸಿ, ಯಾವುದು ಯಾವುದೆಂದು ಹೇಳದೆ ಮನೆಯ ಇತರರನ್ನು ಕೇಳಬಹುದು. ಗಟ್ಟಿ ಒಂದೇ ಇರಬೇಕು ಎಂಬುದು ಮುಖ್ಯ, ಯಾಕೆಂದರೆ ತುಸು ಜೋರಾಗಿ ಹಾಡುವುದೇ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ.

ಏನು ಹಾಕಿ ಕೇಳಬೇಕು? ಭಾಷಾವಿಜ್ಞಾನ ಓದಿದವಳಾಗಿ ನನ್ನ ಉತ್ತರ: ಸಂಗೀತಕ್ಕಿಂತ ಮೊದಲು ಮಾತು ಹಾಕಿ. ಒಂದು ಗಿಟಾರಿನ ನಿಜವಾದ ಧ್ವನಿ ಹೇಗಿತ್ತು ಎಂದು ನಮಗೆ ಗೊತ್ತಿಲ್ಲ. ಕನ್ನಡದ ಮಾತು ಹೇಗಿರುತ್ತದೆ ಎಂಬುದು ಹುಟ್ಟಿದಂದಿನಿಂದ ಗೊತ್ತು. ‘ಲ’ ಮತ್ತು ‘ಳ’ದ ವ್ಯತ್ಯಾಸ ತಗೊಳ್ಳಿ. ನಾಲಗೆ ಹಿಂದಕ್ಕೆ ಮಡಚಿದಾಗ ಬಾಯಿಯೊಳಗಿನ ಮೂರನೆಯ ಅನುರಣನ ಕೆಳಗಿಳಿಯುತ್ತದೆ. ‘ಬಲಿ’ಯನ್ನು ‘ಬಳಿ’ಯಿಂದ, ‘ಕಲೆ’ಯನ್ನು ‘ಕಳೆ’ಯಿಂದ ಬೇರೆಯಾಗಿ ಕೇಳಲು ನಾವು ಬಳಸುವ ಗುರುತುಗಳಲ್ಲಿ ಅದು ಮುಖ್ಯವಾದದ್ದು. ಆ ಇಳಿತ ನಡೆಯುವುದು 2,000–3,000 ಹರ್ಟ್ಸಿನ ಆಸುಪಾಸು, ಅಂದರೆ ವೂಫರು ಟ್ವೀಟರಿಗೆ ಕೆಲಸ ಒಪ್ಪಿಸುವ ಅದೇ ಸಂಧಿಯಲ್ಲಿ. ‘ಸ’ದ ಸೀಳು ಇನ್ನೂ ಮೇಲೆ, 4,000 ದಾಟಿ ಇರುತ್ತದೆ, ‘ಶ’ ಅದಕ್ಕಿಂತ ಕೆಳಗೆ. ‘ಸ’ ಉಗುಳಿದಂತೆ ಕೇಳಿಸಿದರೆ ಟ್ವೀಟರ್ ಜೋರಾಗಿದೆ. ‘ಳ’, ‘ಣ’, ‘ಟ’ ಮಂಕಾಗಿ ಒಂದಕ್ಕೊಂದು ಬೆರೆತರೆ ಕ್ರಾಸ್‌ಓವರಿನಲ್ಲಿ ಹಳ್ಳವಿದೆ ಎಂದು ಅನುಮಾನಿಸಬಹುದು. ಗಂಡಸಿನ ದನಿ ಮಡಕೆಯೊಳಗಿಂದ ಬಂದಂತಿದ್ದರೆ ಪೆಟ್ಟಿಗೆಯೋ ಕೋಣೆಯೋ 100–200 ಹರ್ಟ್ಸಿನಲ್ಲಿ ಗುಂಯ್‌ಗುಡುತ್ತಿದೆ.

ಕನ್ನಡಿಗರ ಬಳಿ ಇದಕ್ಕೆ ಹೇಳಿ ಮಾಡಿಸಿದ ಧ್ವನಿಮುದ್ರಣವಿದೆ: ತಾಳಮದ್ದಳೆ. ಕಾಸರಗೋಡಿನಿಂದ ಮುಂಬೈಯ ತನಕ ಅದನ್ನು ಕೇಳುವವರಿದ್ದಾರೆ. ಒಂದೇ ಕಂತಿನಲ್ಲಿ ಭಾಗವತರ ಏರುಕಂಠ, ಮದ್ದಳೆಯ ಗುಂಕಾರ, ಚೆಂಡೆಯ ಪೆಟ್ಟು, ತಾಳದ ಲೋಹದ ಝಣ, ಆಮೇಲೆ ಅರ್ಧಗಂಟೆ ನಾಲ್ಕೈದು ಬೇರೆ ಬೇರೆ ಗಂಟಲುಗಳ ಅರ್ಥಗಾರಿಕೆ. ದನಿಯಿಂದಲೇ ಯಾರು ಕರ್ಣ, ಯಾರು ಶಲ್ಯ ಎಂದು ಕಣ್ಣುಮುಚ್ಚಿ ಹೇಳಬಲ್ಲವರು ಒಂದು ಸ್ಪೀಕರ್ ಮಾತನ್ನು ಎಲ್ಲಿ ಕೆಡಿಸುತ್ತಿದೆ ಎಂದೂ ಹೇಳಬಲ್ಲರು. ಅಂಗಡಿಯಲ್ಲಿ ಸ್ಪೀಕರ್ ಕೊಳ್ಳುವಾಗಲೂ ಅವರು ಹಾಕುವ ಇಂಗ್ಲಿಷ್ ಹಾಡನ್ನು ನಿಲ್ಲಿಸಿ, ನಿಮ್ಮ ಫೋನಿನಿಂದ ಹತ್ತು ನಿಮಿಷ ತಾಳಮದ್ದಳೆ ಕೇಳಿಸಿ ಎಂದು ಹೇಳಲು ಸಂಕೋಚ ಬೇಡ.

ಇಲ್ಲಿ ಒಂದು ಎಚ್ಚರ. ಕಿವಿ ಕಾಣೆಯಾದದ್ದನ್ನು ತುಂಬಿಕೊಳ್ಳುವ ಅಂಗ. ಹಳೆಯ ಟೆಲಿಫೋನು 300ರಿಂದ 3,400 ಹರ್ಟ್ಸ್ ಮಾತ್ರ ದಾಟಿಸುತ್ತಿತ್ತು. ಅಪ್ಪನ ದನಿಯ ಮೂಲಸ್ವರ ಅದರಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಪ್ಪನ ದನಿ ಗಂಡಸಿನದಾಗಿಯೇ ಕೇಳಿಸುತ್ತಿತ್ತು. ಹಾಗಾಗಿ ಕಿವಿಯ ಜೊತೆಗೆ ಅಳತೆಯೂ ಇರಲಿ. ಕೆಲವು ಸಾವಿರ ರೂಪಾಯಿಗೆ ಅಳತೆಯ ಮೈಕು ಸಿಗುತ್ತದೆ, ರೂಮ್ ಇಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮೈಕು ಕೊಳ್ಳಲು ಮನಸ್ಸಿಲ್ಲದವರು ಸ್ಪೀಕರ್ ಕಟ್ಟಲು ಹೊರಡಬಾರದು.

ಅನುವಾದದಂತೆ ಕಟ್ಟುವುದು

ಇಷ್ಟೆಲ್ಲ ಹೇಳಿದ ಮೇಲೆ ಎರಡನೆಯ ಜೋಡಿಯನ್ನಾದರೂ ಯಾಕೆ ಕಟ್ಟಬೇಕು?

ಕಟ್ಟಿದವರಿಗೆ ತಮ್ಮ ಮನೆಯ ಒಂದು ಯಂತ್ರವಾದರೂ ಪೂರ್ತಿ ಅರ್ಥವಾಗಿರುತ್ತದೆ. ಈಗ ಮಾರುಕಟ್ಟೆಯಲ್ಲಿ ಹೆಚ್ಚು ಓಡುತ್ತಿರುವುದು ಬ್ಲೂಟೂತ್ ಡಬ್ಬಿಗಳು. ಅಂಟು ಹಾಕಿ ಮುಚ್ಚಿದವು. ಒಳಗಿನ ಬ್ಯಾಟರಿ ಸತ್ತ ದಿನ ಚೆನ್ನಾಗಿರುವ ಡ್ರೈವರೂ ಕಸಕ್ಕೆ ಹೋಗುತ್ತದೆ. ಸ್ಕ್ರೂ ಬಿಚ್ಚಿ ತೆರೆಯಬಹುದಾದ, ಆಂಪ್ಲಿಫೈಯರ್ ಬೇರೆಯಾಗಿರುವ ಮರದ ಪೆಟ್ಟಿಗೆಯ ಆಯುಷ್ಯವೇ ಬೇರೆ. ಟ್ವೀಟರ್ ಸುಟ್ಟರೆ ಟ್ವೀಟರ್ ಬದಲಿಸಬಹುದು, ಕೋನ್ ಹರಿದರೆ ಹೊಸ ಕೋನ್ ಹಾಕುವ ರಿಪೇರಿಯವರು ದೊಡ್ಡ ಊರುಗಳಲ್ಲಿ ಇನ್ನೂ ಇದ್ದಾರೆ. ಒಮ್ಮೆ ಕಟ್ಟಿದವರು ಮುಂದೆ ಕೊಳ್ಳುವಾಗ ಹಿಂದಿನ ಸ್ಕ್ರೂಗಳನ್ನು ಹುಡುಕಿ ನೋಡುತ್ತಾರೆ. ರಿಪೇರಿ ಅಂಗಡಿಗಳು ಉಳಿಯುವುದು ಇಂಥ ಗಿರಾಕಿಗಳಿಂದಲೇ. ತೆರೆದು ನೋಡುವವರೇ ಇಲ್ಲದ ಕಡೆ ತೆರೆಯಲಾಗದ ವಸ್ತುಗಳನ್ನೇ ಮಾರುತ್ತಾರೆ. ನನ್ನ ಮಟ್ಟಿಗೆ ಕಟ್ಟುವುದರ ಪಕ್ಷದ ಅತಿ ಬಲವಾದ ವಾದ ಇದು, ಇದರ ಮುಂದೆ ಉಳಿತಾಯದ ವಾದ ಸಣ್ಣದು.

ಕಟ್ಟುವ ವಿಧಾನದ ಬಗ್ಗೆ ಅನುವಾದಕಿಯಾಗಿ ಒಂದು ಮಾತು. ನಮ್ಮ ಕೆಲಸದಲ್ಲಿ ಸ್ವಂತದ್ದನ್ನು ಬರೆಯುವವರಿಗಿರುವ ಗೌರವ ಪರರದ್ದನ್ನು ತರುವವರಿಗೆ ಇಲ್ಲ. ಸ್ಪೀಕರ್ ಕಟ್ಟುವವರಲ್ಲೂ ಇದೇ ತಾರತಮ್ಯ. ‘ಬೇರೆಯವರ ವಿನ್ಯಾಸ ಕಟ್ಟುವುದರಲ್ಲೇನು ಹೆಚ್ಚುಗಾರಿಕೆ’ ಎನ್ನುತ್ತಾರೆ. ಆದರೆ ಹೆಚ್ಚುಗಾರಿಕೆ ಅಲ್ಲೇ ಇದೆ. ಲಿಂಕ್ವಿಟ್ಜ್ ಅವರಂಥವರು, ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಅಳತೆಯ ಉಪಕರಣಗಳನ್ನು ರೂಪಿಸುತ್ತ ಬದುಕಿದವರು, ತಮ್ಮ ಬಿಡುವಿನ ಸಮಯದ ಸ್ಪೀಕರ್ ವಿನ್ಯಾಸಗಳನ್ನು 2018ರಲ್ಲಿ ತೀರಿಕೊಳ್ಳುವ ತನಕ ವಿವರಿಸಿ ಹಂಚಿದರು. ಅಂಥ ವಿನ್ಯಾಸವನ್ನು ಕೈಗೆತ್ತಿಕೊಂಡವರು ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು ಎಂದು ತಿಳಿದುಕೊಳ್ಳಬೇಕಾಗುತ್ತದೆ. ಪೆಟ್ಟಿಗೆಯ ಒಳಗಾತ್ರ ಉಳಿಸಿಕೊಂಡು ಆಳವನ್ನೂ ಎತ್ತರವನ್ನೂ ತುಸು ಹೊಂದಿಸಿಕೊಳ್ಳಬಹುದು. ಮುಂಭಾಗದ ಅಗಲವನ್ನು, ಡ್ರೈವರುಗಳ ನಡುವಿನ ಅಂತರವನ್ನು ಮುಟ್ಟಬಾರದು, ಮುಟ್ಟಿದರೆ ಕ್ರಾಸ್‌ಓವರಿನ ಲೆಕ್ಕವೇ ಬಿದ್ದುಹೋಗುತ್ತದೆ. ಎಂಡಿಎಫ್ ಎಂದಿರುವಲ್ಲಿ ನಮ್ಮ ಹವೆಗೆ ಪ್ಲೈವುಡ್ ಹಾಕಬಹುದು. ಹೇಳಿದ ಟ್ವೀಟರ್ ಸಿಗಲಿಲ್ಲವೆಂದು ‘ಅದೇ ಸೈಜಿನ’ ಇನ್ನೊಂದನ್ನು ಹಾಕಿದರೆ ಅದು ಬೇರೆಯೇ ಸ್ಪೀಕರ್. ಮೂಲವನ್ನು ಬಲ್ಲವರಿಗೆ ಮಾತ್ರ ಎಲ್ಲಿ ಸ್ವಾತಂತ್ರ್ಯವಿದೆ ಎಂದು ತಿಳಿಯುತ್ತದೆ.

ಕೊನೆಗೆ, ಯಾರಿಗೆ ಏನು. ಹಾಡು ಕೇಳಬೇಕು, ಅಷ್ಟೇ ಎನ್ನುವವರು ಐದು ಆರು ಇಂಚಿನ ವೂಫರಿನ, ಸ್ಕ್ರೂ ಇರುವ, ರಬ್ಬರ್ ಬಳೆಯ ಪುಟ್ಟ ಜೋಡಿ ಕೊಂಡು, ಮೂಲೆಯಿಂದ ಈಚೆಗಿಟ್ಟು, ದಪ್ಪ ಪರದೆ, ಪುಸ್ತಕದ ಕಪಾಟು, ಜಮಖಾನೆಗೆ ಉಳಿದ ಹಣ ಹಾಕಲಿ. ಹತ್ತಡಿ ಕೋಣೆಯಲ್ಲಿ ದುಬಾರಿ ಸ್ಪೀಕರಿಗಿಂತ ಅದರಿಂದ ಹೆಚ್ಚು ಪ್ರಯೋಜನ. ಹಣ ತೀರಾ ಕಡಿಮೆ ಇರುವವರು ಒಳ್ಳೆಯ ಕಂಪನಿಯ ಹಳೆಯ ಜೋಡಿ ಕೊಂಡು ರಿಪೇರಿ ಮಾಡಿಸಲಿ, ಅದು ಅರ್ಧ ಕಟ್ಟಿದಂತೆಯೇ. ಎರಡು ವರ್ಷ ಕೇಳಿದ ಮೇಲೂ ‘ಇದು ಹೇಗೆ ಕೆಲಸ ಮಾಡುತ್ತದೆ’ ಎಂಬ ಪ್ರಶ್ನೆ ಬಿಡದೆ ಕಾಡುವವರು ಕಟ್ಟಲಿ. ಅವರಿಗೆ ಮಜೂರಿ, ಮೈಕು, ವ್ಯರ್ಥವಾದ ಪ್ಲೈವುಡ್ಡಿನ ಖರ್ಚು ನಷ್ಟದ ಖಾತೆಗೆ ಸೇರುವುದಿಲ್ಲ. ಅದು ಕಲಿಕೆಯ ಫೀಸು. ಆ ಫೀಸು ಕಟ್ಟಲು ಮನಸ್ಸಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಕೊಳ್ಳುವುದೋ ಕಟ್ಟುವುದೋ ಎಂಬುದು ಆಮೇಲೆ ತಾನಾಗಿ ಇತ್ಯರ್ಥವಾಗುತ್ತದೆ.